ಬ್ಲಿಟ್ಜ್ ಕಾಲದಲ್ಲಿ ರೋಗ ಹೇಗೆ ಹರಡಲಿಲ್ಲ?

ಬ್ಲಿಟ್ಜ್ ಅಂದ್ರೆ 1940-41ರಲ್ಲಿ ಜರ್ಮನಿ ಬ್ರಿಟನ್ ಮೇಲೆ ನಡೆಸಿದ ಬಾಂಬ್ ದಾಳಿ. ಆಗ ಬಾಂಬಿನಿಂದ ತಪ್ಪಿಸಿಕೊಳ್ಳಲು ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ ಅಷ್ಟು ಜನ ಮಲಗಿದರೂ ದೊಡ್ಡ ಸಾಂಕ್ರಾಮಿಕ ಯಾಕೆ ಬರಲಿಲ್ಲ, ಸ್ಯಾನಿಟರಿ ಇನ್ಸ್‌ಪೆಕ್ಟರುಗಳು ಏನು ಮಾಡ್ತಿದ್ದರು ಅಂತ ಕೇಳಿದ್ದೀರಿ.

ಮೊದಲ ವಾರಗಳಲ್ಲಿ ಪರಿಸ್ಥಿತಿ ನಿಜವಾಗಿಯೂ ಹೊಲಸಾಗಿತ್ತು. 1940ರ ಸೆಪ್ಟೆಂಬರ್ ಕೊನೆಯಲ್ಲಿ ಒಂದೇ ರಾತ್ರಿ ಸುಮಾರು 1,77,000 ಜನ ನಿಲ್ದಾಣಗಳಲ್ಲಿ ಮಲಗಿದ್ದರು. ಶೌಚಕ್ಕೆ ಬಕೆಟ್ಟೇ ಗತಿ. ಆಮೇಲೆ ವೈದ್ಯ ಲಾರ್ಡ್ ಹೋರ್ಡರ್ ಅವರ ಸಮಿತಿ ಆಶ್ರಯತಾಣಗಳ ಆರೋಗ್ಯವನ್ನು ಪರಿಶೀಲಿಸಿತು. ಮಲಗಲು ಅಟ್ಟಣಿಗೆ ಮಂಚ, ಪ್ರಥಮ ಚಿಕಿತ್ಸೆ, ಸರಿಯಾದ ಶೌಚಾಲಯ ಎಲ್ಲ ಬಂದವು. ಇಲ್ಲೊಂದು ಮಜಾ ಇದೆ: ನಿಲ್ದಾಣ ಚರಂಡಿಗಿಂತ ಆಳದಲ್ಲಿದ್ದರೆ ಕೊಳಚೆ ತಾನಾಗಿ ಹರಿಯೋದಿಲ್ಲ ಅಲ್ವಾ? ಹಾಗಾಗಿ ಒತ್ತಡದ ಗಾಳಿಯಿಂದ ಅದನ್ನು ಮೇಲಕ್ಕೆ ತಳ್ಳುವ ಏರ್ಪಾಡು ಮಾಡಿದರು.

ನನಗನ್ನಿಸೋದು, ಜಾಸ್ತಿ ಜೀವ ಉಳಿಸಿದ್ದು ನೀರಿನ ರೋಗಾಣು ಕೊಲ್ಲುವ ಕ್ಲೋರಿನ್. 1937ರಲ್ಲಿ ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ ಬಾವಿಯ ನೀರು ಕೆಟ್ಟು ಟೈಫಾಯ್ಡ್‌ನಿಂದ 43 ಜನ ಸತ್ತಿದ್ದರು. ಆ ಪಾಠ ಹಸಿಯಾಗಿತ್ತು. ಬಾಂಬಿಗೆ ನೀರಿನ ಪೈಪೂ ಚರಂಡಿಯೂ ಒಟ್ಟಿಗೆ ಒಡೆದಾಗ ನೀರಿಗೆ ಕ್ಲೋರಿನ್ ಹಾಕದೆ ಬಿಡುವಂತಿರಲಿಲ್ಲ.

ಇನ್ಸ್‌ಪೆಕ್ಟರುಗಳ ಕೆಲಸ ಅಂದ್ರೆ ಆಶ್ರಯತಾಣಗಳ ತಪಾಸಣೆ, ಹೇನು-ತಿಗಣೆ ನಾಶ, ಬಾಂಬ್ ಬಿದ್ದ ಗೋದಾಮಿನ ಆಹಾರದಲ್ಲಿ ತಿನ್ನೋದು ಯಾವುದು, ಎಸೆಯೋದು ಯಾವುದು ಅಂತ ತೀರ್ಮಾನ. ರೇಷನ್ ಕಾಲದಲ್ಲಿ ಇದು ಸುಲಭದ ಮಾತಲ್ಲ.

ಆದರೆ ಕಜ್ಜಿಯನ್ನು ತಡೆಯಲಾಗಲಿಲ್ಲ. ಕೊನೆಗೆ 1941ರಲ್ಲಿ ಪ್ರತ್ಯೇಕ ಆದೇಶವನ್ನೇ ಹೊರಡಿಸಿ, ಕಜ್ಜಿ ಇದ್ದವರನ್ನು ಕಡ್ಡಾಯವಾಗಿ ಪರೀಕ್ಷಿಸಿ ಚಿಕಿತ್ಸೆ ಕೊಡುವ ಅಧಿಕಾರವನ್ನು ಸ್ಥಳೀಯ ಆರೋಗ್ಯಾಧಿಕಾರಿಗೆ ಕೊಟ್ಟರು.