ಜಾಹೀರಾತು ಮುಗಿದು ವಾಪಸ್ ಬರುವಾಗ ಚಿತ್ರ ಒಡೆಯೋದು ಯಾಕೆ

ಸರ್, ನಿಮ್ಮ ಪ್ರಶ್ನೆ ನೋಡಿದೆ. ಲೋಕಲ್ ಚಾನೆಲ್‌ನಲ್ಲಿ ಜಾತ್ರೆ ಲೈವ್ ನಡುವೆ ಜಾಹೀರಾತು ಹಾಕಿ ವಾಪಸ್ ಬರುವಾಗ ಅರ್ಧ ಸೆಕೆಂಡ್ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಸಂಜೆ ಹೊತ್ತಿಗೆ ಮಾತಿಗೂ ತುಟಿಗೂ ಹೊಂದೋದಿಲ್ಲ ಅಂದಿದ್ದೀರಿ. ಮತ್ತೆ ಎನ್‌ಕೋಡ್ ಮಾಡದೆ (ವಿಡಿಯೋವನ್ನು ಹೊಸದಾಗಿ ಕುಗ್ಗಿಸದೆ) ಸ್ಟ್ರೀಮನ್ನೇ, ಅಂದರೆ ಕುಗ್ಗಿಸಿದ ಡೇಟಾವನ್ನೇ, ಕತ್ತರಿಸಿ ಸೇರಿಸ್ತಿದ್ದೀರಿ, ಅಲ್ವಾ? ಹಾಗಿದ್ದರೆ ಕೇಬಲ್ ಬದಲಿಸಬೇಡಿ, ಸುಮ್ನೆ ಖರ್ಚು. ಕತ್ತರಿ ಬಿದ್ದ ಜಾಗ ನೋಡಿ.

ವಿಡಿಯೋ ಕುಗ್ಗಿಸುವ ಎಂಪೆಗ್-2 ವಿಧಾನದಲ್ಲಿ ಐ ಫ್ರೇಮ್ ಮಾತ್ರ ಪೂರ್ತಿ ಚಿತ್ರ. ಪಿ ಫ್ರೇಮ್ ಹಿಂದಿನ ಚಿತ್ರಕ್ಕಿಂತ ಏನು ಬದಲಾಯಿತೋ ಅಷ್ಟನ್ನೇ ಇಟ್ಟುಕೊಂಡಿರುತ್ತದೆ. ಬಿ ಫ್ರೇಮಿಗೆ ಹಿಂದಿನದೂ ಬೇಕು, ಮುಂದಿನದೂ ಬೇಕು. ನಡುವೆ ಎಲ್ಲೋ ಬಂದು ಸೇರಿದರೆ ಮುಂದಿನ ಐ ಬರುವ ತನಕ ಚೌಕಗಳೇ. ಸೆಕೆಂಡಿಗೆ 25 ಫ್ರೇಮ್, 12 ಫ್ರೇಮಿಗೊಂದು ಐ ಅಂದರೆ 0.48 ಸೆಕೆಂಡ್. ನಿಮ್ಮ ಅರ್ಧ ಸೆಕೆಂಡ್ ಇದೇ.

ಒಂದು ಸಲ ತೇರಿನ ಲೈವ್‌ನಲ್ಲಿ ಜಾಹೀರಾತು ಮುಗಿಸಿ ನಾನೂ ಸರಿಯಾಗಿ ಐ ಫ್ರೇಮಿಗೇ ವಾಪಸ್ ಬಂದೆ. ಆದರೂ ಕಣ್ಣಿಗೆ ಏನೋ ಚುಚ್ಚುತ್ತಿತ್ತು. ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದೆ. ಎರಡು ಫ್ರೇಮಿನಲ್ಲಿ ತೇರಿನ ಗಾಲಿಯ ಮೇಲೆ ಜಾಹೀರಾತಿನ ಚಿನ್ನದ ಬಳೆ ಕಲಸಿಕೊಂಡಿತ್ತು! ಒಂದು ಐ ಮತ್ತು ಅದರ ಜೊತೆಯ ಫ್ರೇಮುಗಳ ಗುಂಪಿಗೆ ಜಿಒಪಿ ಅಂತಾರೆ; ನನ್ನ ಎನ್‌ಕೋಡರ್ ಓಪನ್ ಜಿಒಪಿಯಲ್ಲಿತ್ತು, ಅಂದರೆ ಒಂದು ಗುಂಪು ಹಿಂದಿನ ಗುಂಪನ್ನು ನೆಚ್ಚಬಹುದು. ಆಗ ಐ ಫ್ರೇಮಿಗೆ ಮುಂಚೆ ತೆರೆಗೆ ಬರುವ ಬಿ ಫ್ರೇಮುಗಳು ಹಿಂದಿನ ಗುಂಪಿನ ಕೊನೆಯ ಚಿತ್ರವನ್ನು ಹುಡುಕುತ್ತವೆ. ಅಲ್ಲಿ ಸಿಕ್ಕಿದ್ದು ಬಳೆ. ಕ್ಲೋಸ್ಡ್ ಜಿಒಪಿ (ಹಿಂದಿನ ಗುಂಪನ್ನು ನೆಚ್ಚದ ಗುಂಪು) ಮಾಡಿ, ವಾಪಸ್ ಬರುವ ಜಾಗಕ್ಕೆ ಐ ಫ್ರೇಮ್ ಬೀಳುವ ಹಾಗೆ ಎನ್‌ಕೋಡರಿಗೆ ಮೊದಲೇ ಹೇಳಿಡಿ. ದೊಡ್ಡ ಚಾನೆಲ್‌ಗಳಲ್ಲಿ ಎಸ್‌ಸಿಟಿಇ-35 ಅನ್ನುವ ಸೂಚನೆ ಸ್ಟ್ರೀಮಿನೊಳಗೇ ಕೆಲವು ಸೆಕೆಂಡ್ ಮುಂಚೆ ಬರುತ್ತದೆ. ಅದೂ ಇದೇ ಕೆಲಸಕ್ಕೆ.

ಜಾಹೀರಾತಿನ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು) ಲೈವ್‌ಗಿಂತ ಜಾಸ್ತಿ ಇಡಬೇಡಿ. ಸೆಟ್‌ಟಾಪ್ ಬಾಕ್ಸಿನ ಬಫರ್ (ಬಂದ ಡೇಟಾ ಸ್ವಲ್ಪ ಹೊತ್ತು ಕೂಡಿಡುವ ಜಾಗ) ಖಾಲಿಯಾಗಿ ಚಿತ್ರ ನಿಂತುಬಿಡಬಹುದು. ಜಾಹೀರಾತಿನ ಕೊನೆಯಲ್ಲಿ ನಾಲ್ಕೈದು ಕಪ್ಪು ಫ್ರೇಮ್ ಹಾಕಿದರೆ ಡೇಟಾ ಕಡಿಮೆಯಾಗಿ ಬಫರ್ ಸುಧಾರಿಸಿಕೊಳ್ಳುತ್ತದೆ.

ಇನ್ನು ಆಡಿಯೋ. ಒಂದು ವಿಡಿಯೋ ಫ್ರೇಮ್ 40 ಮಿಲಿಸೆಕೆಂಡ್. 48 ಕಿಲೋಹರ್ಟ್ಸ್‌ನ ಲೇಯರ್-2 (ಎಂಪೆಗ್‌ನ ಒಂದು ಆಡಿಯೋ ವಿಧಾನ) ಆಡಿಯೋ ಫ್ರೇಮ್ 24 ಮಿಲಿಸೆಕೆಂಡ್. ಎರಡೂ ಒಟ್ಟಿಗೆ ಮುಗಿಯೋದು 120 ಮಿಲಿಸೆಕೆಂಡಿಗೊಮ್ಮೆ. 15, 30 ಸೆಕೆಂಡಿನ ಜಾಹೀರಾತು ಇದಕ್ಕೆ ಸರಿಯಾಗಿ ಕೂರುತ್ತದೆ. 10, 20 ಕೂರಲ್ಲ. ಪ್ರತಿ ಜೋಡಣೆಯಲ್ಲೂ ಉಳಿದ ಚೂರು ಒಂದೇ ಕಡೆಗೆ ಸೇರುತ್ತಾ ಹೋದರೆ ಸಂಜೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. 10 ಸೆಕೆಂಡಿನದನ್ನು 12 ಮಾಡಿ ನೋಡಿ.

ನಿಮ್ಮ ಎನ್‌ಕೋಡರಿನ ಜಿಒಪಿ ಸೆಟ್ಟಿಂಗ್ ಪುಟದ ಫೋಟೋ ಇಲ್ಲೇ ಹಾಕಿ ಸರ್, ಯಾವುದನ್ನು ಬದಲಿಸಬೇಕು ಅಂತ ಗುರುತು ಹಾಕಿ ಕೊಡ್ತೀನಿ.