ಬರಹಗಾರರಿಗೆ ಸಲಹೆ: ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ಕೈಕೊಡುವ ಆ್ಯಪ್ ಕುರಿತ ನಿಮ್ಮ ಲೇಖನ

ನಮಸ್ಕಾರ.

ನಿಮ್ಮ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಪಕ್ಕಕ್ಕಿಡುತ್ತಲೂ ಇಲ್ಲ, ಏಕೆಂದರೆ ಸರಕು ಗಟ್ಟಿಯಾಗಿದೆ. ಕೆಟ್ಟಿರುವುದು ತೀರ್ಮಾನ. ಅದನ್ನು ಸುಳ್ಳಾಗಿಸುವ ಸಾಕ್ಷಿಯನ್ನೆಲ್ಲ ನೀವೇ ಲೇಖನದಲ್ಲಿ ಬರೆದಿಟ್ಟು, ಅದರ ಪಕ್ಕದಲ್ಲೇ ನಡೆದು ಹೋಗಿದ್ದೀರಿ.

ನೀವು ಹೇಳುತ್ತಿರುವುದು ಇಷ್ಟು. ವಿಷುಯಲ್ ಸ್ಟುಡಿಯೋ (ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ಸಾಧನ) ಬಳಸಿ ಸಿ++ನಲ್ಲಿ ಬರೆದ ಟಿಪ್ಪಣಿ ಆ್ಯಪ್. ತಪ್ಪು ಹುಡುಕಲು ತಯಾರಿಸುವ ಡೀಬಗ್ ಬಿಲ್ಡ್‌ನಲ್ಲಿ ಎಲ್ಲ ಸರಿ. ಬಳಕೆದಾರರಿಗೆ ಹಂಚುವ ರಿಲೀಸ್‌ನಲ್ಲಿ ಮೊದಲು ತೆರೆದ ಟಿಪ್ಪಣಿಗೆ ಆಟೋಸೇವ್ ಆಗುವುದಿಲ್ಲ, ಆಮೇಲೆ ತೆರೆದವಕ್ಕೆ ಒಮ್ಮೊಮ್ಮೆ ಆಗುತ್ತದೆ. ಆ್ಯಪ್ ಮುಚ್ಚುವಾಗ ಆಗಾಗ ಹ್ಯಾಂಗ್. ಕಾಯುವ ಲೂಪ್ ಒಳಗೆ ಲಾಗ್ ಸಾಲೊಂದನ್ನು ಸೇರಿಸಿದರೆ ಹ್ಯಾಂಗ್ ಮಾಯ. ವಿನ್‌ಡಿಬಿಜಿ ಎಂಬ ಡೀಬಗರ್‌ನಿಂದ (ಓಡುವ ಪ್ರೋಗ್ರಾಂನ ಒಳಗನ್ನು ನೋಡುವ ಸಾಧನ) ಶುರು ಮಾಡಿದರೆ ಆಟೋಸೇವ್ ಸರಿ. ಕೊನೆಗೆ ಆಪ್ಟಿಮೈಸೇಶನ್ (ಕೋಡನ್ನು ಯಂತ್ರಭಾಷೆಗೆ ತರುವ ಕಂಪೈಲರ್ ಅದನ್ನು ವೇಗಗೊಳಿಸಲು ಮಾಡುವ ಮಾರ್ಪಾಡು) ಆಫ್ ಮಾಡಿದಿರಿ, ಹ್ಯಾಂಗ್ ನಿಂತಿತು, ಆಟೋಸೇವ್ ತೊಂದರೆ ‘ಬಹುಮಟ್ಟಿಗೆ ಕಡಿಮೆಯಾಯಿತು’. ಆದ್ದರಿಂದ ತಪ್ಪು ಕಂಪೈಲರ್‌ನದು, ಆಪ್ಟಿಮೈಸೇಶನ್ ಇಲ್ಲದೆಯೇ ಆ್ಯಪ್ ಹಂಚಿ ಎಂದು ಓದುಗರಿಗೆ ಸಲಹೆ.

ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಕಂಪೈಲರ್‌ಗಳಲ್ಲಿ ದೋಷ ಇರುವುದಿಲ್ಲ ಎಂದಲ್ಲ, ಇರುತ್ತದೆ. ಆದರೆ ಆ ಮಾತು ಹೇಳಬೇಕಾದರೆ ಹತ್ತಿಪ್ಪತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಂ ತೋರಿಸಿ, ಅದರಲ್ಲಿ ಭಾಷೆಯ ಯಾವ ನಿಯಮವೂ ಮುರಿದಿಲ್ಲ ಎಂದು ಸಾಬೀತು ಮಾಡಬೇಕು. ನೀವು ಉಲ್ಲೇಖಿಸಿದ ಕೋಡ್‌ನಲ್ಲೇ ಎರಡು ಕಡೆ ನಿಯಮ ಮುರಿದಿದೆ.

ಹೌದು, ಎರಡು ಕಡೆ. ‘ಒಂದು ವಿಚಿತ್ರ ಬಗ್’ ಎಂದು ನೀವು ಬರೆದಿರುವುದು ಎರಡು ಬೇರೆ ಬೇರೆ ಬಗ್‌ಗಳು. ಒಂದಕ್ಕೆ ಆಪ್ಟಿಮೈಸೇಶನ್ ಜೊತೆ ನಂಟಿದೆ, ಇನ್ನೊಂದಕ್ಕೆ ಇಲ್ಲ. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದ್ದರಿಂದಲೇ ‘ಬಹುಮಟ್ಟಿಗೆ’ ಎಂಬ ಪದ ನಿಮಗೆ ಬೇಕಾಯಿತು. ಡೀಬಗ್ ಮಾಡುವವರ ಬರಹದಲ್ಲಿ ಆ ಪದ ಕಂಡರೆ ಸಂಪಾದಕರು ಪೆನ್ಸಿಲ್ ಎತ್ತಿಕೊಳ್ಳುತ್ತಾರೆ. ಇಪ್ಪತ್ತು ಸಲ ಓಡಿಸಿದಾಗ ಎಷ್ಟು ಸಲ ಕೆಟ್ಟಿತು, ಬದಲಾವಣೆಯ ನಂತರ ಎಷ್ಟು ಸಲ ಕೆಟ್ಟಿತು, ಅದನ್ನು ಬರೆಯಿರಿ.

ಮೊದಲು ಆಟೋಸೇವ್. ನಿಮ್ಮ ಸೆಟ್ಟಿಂಗ್ಸ್ ಕ್ಲಾಸ್‌ನಲ್ಲಿ ಮೂರು ಬೂಲಿಯನ್ (ನಿಜ ಅಥವಾ ಸುಳ್ಳು ಎಂಬ ಬೆಲೆಯ) ಸದಸ್ಯ ವೇರಿಯಬಲ್‌ಗಳಿವೆ. ಆಬ್ಜೆಕ್ಟ್ ಸೃಷ್ಟಿಯಾಗುವಾಗ ಓಡುವ ಕನ್‌ಸ್ಟ್ರಕ್ಟರ್ ಅವುಗಳಲ್ಲಿ ಒಂದಕ್ಕೆ ಮಾತ್ರ ಬೆಲೆ ಕೊಡುತ್ತದೆ. ಆಟೋಸೇವ್ ಆನ್ ಇದೆಯೇ ಎಂದು ಹೇಳುವ ಸದಸ್ಯ ಉಳಿದ ಎರಡರಲ್ಲಿ ಒಂದು. ಪ್ರತಿ ಟಿಪ್ಪಣಿಗೂ ಈ ಆಬ್ಜೆಕ್ಟನ್ನು ‘ನ್ಯೂ’ ಬಳಸಿ ಹೀಪ್‌ನಲ್ಲಿ (ಪ್ರೋಗ್ರಾಂ ಓಡುವಾಗ ಕೇಳಿ ಪಡೆಯುವ ಮೆಮೊರಿ) ಸೃಷ್ಟಿಸುತ್ತೀರಿ. ಮೈಕ್ರೋಸಾಫ್ಟ್‌ನ ಡೀಬಗ್ ರನ್‌ಟೈಮ್ (ಆ್ಯಪ್ ಜೊತೆ ಓಡುವ ಲೈಬ್ರರಿ) ಹೊಸದಾಗಿ ಕೊಡುವ ಹೀಪ್ ಜಾಗದ ಪ್ರತಿ ಬೈಟ್‌ನಲ್ಲೂ 205 ತುಂಬಿಸಿರುತ್ತದೆ (ಹೆಕ್ಸ್‌ನಲ್ಲಿ ಸಿಡಿ). 205 ಸೊನ್ನೆಯಲ್ಲ, ಆದ್ದರಿಂದ ‘ಇಫ್’ ಅದನ್ನು ನಿಜ ಎಂದೇ ಓದುತ್ತದೆ. ಆಟೋಸೇವ್ ಆನ್! ಅಂದರೆ ನಿಮ್ಮ ಡೀಬಗ್ ಬಿಲ್ಡ್ ಸರಿಯಾಗಿ ಕೆಲಸ ಮಾಡುತ್ತಲೇ ಇರಲಿಲ್ಲ, ಸರಿಯಾಗಿ ಕಾಣುತ್ತಿತ್ತು ಅಷ್ಟೇ. ರಿಲೀಸ್ ರನ್‌ಟೈಮ್ ಏನನ್ನೂ ತುಂಬಿಸುವುದಿಲ್ಲ. ಆಪರೇಟಿಂಗ್ ಸಿಸ್ಟಂನಿಂದ ಹೊಸದಾಗಿ ಬಂದ ಪುಟ ಸೊನ್ನೆಯಿಂದ ತುಂಬಿರುತ್ತದೆ, ಹಾಗಾಗಿ ಮೊದಲ ಟಿಪ್ಪಣಿಗೆ ಆಟೋಸೇವ್ ಆಫ್. ಸ್ವಲ್ಪ ಹೊತ್ತು ಬಳಸಿದ ಮೇಲೆ, ಹಿಂದೆ ಬೇರೆ ಯಾವುದಕ್ಕೋ ಬಳಕೆಯಾಗಿ ಬಿಡುಗಡೆಯಾದ ಜಾಗವೇ ಮತ್ತೆ ಸಿಗುತ್ತದೆ. ಅಲ್ಲಿ ಹಳೆಯ ಕಸ ಏನಿತ್ತೋ ಅದರ ಮೇಲೆ ಆನ್ ಅಥವಾ ಆಫ್. ನೀವು ಬರೆದ ‘ಒಮ್ಮೊಮ್ಮೆ’ ಬಂದದ್ದು ಇಲ್ಲಿಂದ.

ನಿಮ್ಮ ಆರನೇ ಪ್ಯಾರಾದ ವಿನ್‌ಡಿಬಿಜಿ ಸಾಲನ್ನು ‘ಇದಂತೂ ಮಾಯೆ’ ಎಂದು ಮುಗಿಸಿದ್ದೀರಿ. ಇಡೀ ಲೇಖನದ ಅತ್ಯಂತ ಬೆಲೆಬಾಳುವ ಸಾಲು ಅದೇ. ಡೀಬಗರ್ ಒಳಗಿಂದ ಪ್ರೋಗ್ರಾಂ ಶುರು ಮಾಡಿದರೆ ವಿಂಡೋಸ್ ತನ್ನದೇ ಡೀಬಗ್ ಹೀಪ್ ಚಾಲೂ ಮಾಡುತ್ತದೆ. ಬಿಲ್ಡ್ ರಿಲೀಸ್ ಆಗಿದ್ದರೂ ಹೊಸ ಜಾಗದಲ್ಲಿ ಗುರುತಿನ ಬೈಟ್‌ಗಳು ಬಂದು ಕೂರುತ್ತವೆ: 13, 240, 173, 186. ನಾಲ್ಕರಲ್ಲಿ ಯಾವುದೂ ಸೊನ್ನೆಯಲ್ಲ. ಮತ್ತೆ ಆಟೋಸೇವ್ ಆನ್. ಶುರುವಾದ ಮೇಲೆ ಡೀಬಗರನ್ನು ಅಟ್ಯಾಚ್ ಮಾಡಿದ್ದರೆ ಹೀಗಾಗುತ್ತಿರಲಿಲ್ಲ. ವಿನ್‌ಡಿಬಿಜಿಗೆ ‘ಹೈಫನ್ ಹೆಚ್‌ಡಿ’ ಎಂಬ ಆಯ್ಕೆ ಕೊಟ್ಟು ತೆರೆದಿದ್ದರೂ ಆಗುತ್ತಿರಲಿಲ್ಲ. ವಿಷುಯಲ್ ಸ್ಟುಡಿಯೋ ಮಾತ್ರ 2015ರ ಆವೃತ್ತಿಯಿಂದೀಚೆಗೆ ಈ ಹೀಪನ್ನು ತಾನಾಗಿಯೇ ಆಫ್ ಮಾಡಿಡುತ್ತದೆ. ಅದಕ್ಕೇ ಒಂದು ಡೀಬಗರ್‌ನಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಈ ಒಂದು ಸಂಗತಿಯನ್ನು ನಿಧಾನವಾಗಿ ಬಿಡಿಸಿ ಬರೆದರೆ ಅರ್ಧ ಲೇಖನ ಅಲ್ಲೇ ಸಿದ್ಧ.

ಓದುಗರಿಗೆ ಗುರುತು ಹಿಡಿಯಲು ಎರಡು ಸಂಖ್ಯೆಗಳನ್ನೂ ಕೊಡಿ. ಡೀಬಗ್ ಬಿಲ್ಡ್‌ನ ವಾಚ್ ವಿಂಡೋದಲ್ಲಿ 32 ಬಿಟ್ ಪೂರ್ಣಾಂಕವೊಂದು -842150451 ಎಂದು ಕಂಡರೆ ಅದು ಬೆಲೆ ಕೊಡದ ಹೀಪ್ ಜಾಗ. -858993460 ಎಂದು ಕಂಡರೆ ಬೆಲೆ ಕೊಡದ ಲೋಕಲ್ ವೇರಿಯಬಲ್. ಅಲ್ಲಿ ರನ್‌ಟೈಮ್ ಚೆಕ್ ಆಯ್ಕೆ ಪ್ರತಿ ಬೈಟ್‌ಗೂ 204 ತುಂಬಿಸಿರುತ್ತದೆ. ಇವೆರಡನ್ನು ಕಣ್ಣಿನಲ್ಲಿ ಇಟ್ಟುಕೊಂಡವರು ರಿಲೀಸ್‌ವರೆಗೆ ಕಾಯಬೇಕಿಲ್ಲ. ಪರಿಹಾರ ಒಂದೇ ಸಾಲು: ಕ್ಲಾಸ್‌ನೊಳಗೆ ಸದಸ್ಯರನ್ನು ಘೋಷಿಸುವಲ್ಲೇ ಬೆಲೆ ಕೊಡುವುದು. ವಿಷುಯಲ್ ಸ್ಟುಡಿಯೋದ ಕೋಡ್ ಅನಾಲಿಸಿಸ್ ಓಡಿಸಿದ್ದರೆ ಸಿ26495 ಎಂಬ ಎಚ್ಚರಿಕೆ ಈ ಸದಸ್ಯನ ಹೆಸರು ಹಿಡಿದೇ ಹೇಳುತ್ತಿತ್ತು.

ಇನ್ನು ಹ್ಯಾಂಗ್. ಮುಚ್ಚುವ ಹ್ಯಾಂಡ್ಲರ್‌ನಲ್ಲಿ, ಬರೆಯುವ ಥ್ರೆಡ್ (ಜೊತೆಜೊತೆಗೆ ಓಡುವ ಕೆಲಸದ ಎಳೆ) ಮುಗಿಯುವವರೆಗೆ ಕಾಯಲು ಖಾಲಿ ‘ವೈಲ್’ ಲೂಪ್ ಇಟ್ಟಿದ್ದೀರಿ. ಅದು ನೋಡುತ್ತಿರುವುದು ‘ಮುಗಿಯಿತು’ ಎಂಬ ಸಾದಾ ಬೂಲಿಯನ್. ಅದನ್ನು ಬದಲಿಸುವುದು ಇನ್ನೊಂದು ಥ್ರೆಡ್. ಸಾದಾ ವೇರಿಯಬಲ್ಲನ್ನು ಹೀಗೆ ಎರಡು ಥ್ರೆಡ್‌ಗಳು ಮುಟ್ಟುವುದು ಡೇಟಾ ರೇಸ್, ಸಿ++ ಅದಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಲೂಪ್ ಒಳಗೆ ಆ ವೇರಿಯಬಲ್ಲನ್ನು ಯಾರೂ ಬದಲಿಸುತ್ತಿಲ್ಲ ಎಂದು ಕಂಡ ಕಂಪೈಲರ್, ಮೆಮೊರಿಯಿಂದ ಓದುವ ಕೆಲಸವನ್ನು ಲೂಪ್‌ನ ಹೊರಗೆ ಎಳೆದು ಒಮ್ಮೆ ಮಾತ್ರ ಮಾಡುತ್ತದೆ. ಒಳಗೆ ಉಳಿಯುವುದು ಪ್ರೊಸೆಸರ್‌ನ ರಿಜಿಸ್ಟರನ್ನು ಪರೀಕ್ಷಿಸಿ ಹಿಂದಕ್ಕೆ ಜಿಗಿಯುವ ಎರಡೇ ಇನ್‌ಸ್ಟ್ರಕ್ಷನ್. ಮುಚ್ಚುವ ಮೊದಲೇ ಬರವಣಿಗೆ ಮುಗಿದಿದ್ದರೆ ಲೂಪ್ ತಕ್ಷಣ ದಾಟುತ್ತದೆ, ಮುಗಿದಿಲ್ಲದಿದ್ದರೆ ಎಂದೆಂದಿಗೂ ಸುತ್ತುತ್ತದೆ. ಲಾಗ್ ಸಾಲು ಸೇರಿಸಿದಾಗ ಸರಿಹೋದದ್ದು ಲಾಗ್‌ನಿಂದ ‘ಸಮಯ ಸಿಕ್ಕಿದ್ದಕ್ಕೆ’ ಎಂದು ಬರೆದಿದ್ದೀರಿ. ಇಲ್ಲಿ ಸಮಯದ ಮಾತೇ ಬೇಡ. ಒಳಗಿನದು ಕಾಣದ ಫಂಕ್ಷನ್ ಒಂದನ್ನು ಕರೆದಾಗ, ಅದು ಈ ವೇರಿಯಬಲ್ಲನ್ನು ಬದಲಿಸಿರಬಹುದು ಎಂದು ಕಂಪೈಲರ್ ಪ್ರತಿ ಸುತ್ತಿನಲ್ಲೂ ಮತ್ತೆ ಓದುತ್ತದೆ.

ಇದನ್ನು ಊಹೆಯಾಗಿ ಬರೆಯಬೇಡಿ, ತೋರಿಸಿ. ಹ್ಯಾಂಗ್ ಆದಾಗ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪಟ್ಟಿಯಲ್ಲಿ ಪ್ರೊಸೆಸ್ ಮೇಲೆ ರೈಟ್ ಕ್ಲಿಕ್ ಮಾಡಿ ಡಂಪ್ ಫೈಲ್ (ಆ ಕ್ಷಣದ ಮೆಮೊರಿಯ ಪ್ರತಿ) ಮಾಡಿಕೊಳ್ಳಬಹುದು. ಆ್ಯಪ್ 32 ಬಿಟ್‌ನದಾಗಿದ್ದು ವಿಂಡೋಸ್ 64 ಬಿಟ್‌ನದಾಗಿದ್ದರೆ ಸಿಸ್‌ವಾವ್64 ಫೋಲ್ಡರ್‌ನಲ್ಲಿರುವ ಟಾಸ್ಕ್ ಮ್ಯಾನೇಜರನ್ನೇ ತೆರೆಯಬೇಕು, ಇಲ್ಲವಾದರೆ ಡಂಪ್ ಓದಲು ಹೆಣಗಾಡಬೇಕಾಗುತ್ತದೆ. ಡಂಪ್‌ನಲ್ಲಿ ಮುಖ್ಯ ಥ್ರೆಡ್‌ನ ಡಿಸ್‌ಅಸೆಂಬ್ಲಿ (ಯಂತ್ರದ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ) ತೆರೆದರೆ ಆ ಎರಡು ಇನ್‌ಸ್ಟ್ರಕ್ಷನ್ ಕಣ್ಣೆದುರೇ ಇರುತ್ತವೆ. ಒಂದು ಕೋರ್ ಪೂರ್ತಿ ಉರಿಯುತ್ತಿತ್ತು ಎಂದು ನೀವೇ ಬರೆದಿದ್ದೀರಿ. ಥ್ರೆಡ್‌ಗಳು ಒಂದಕ್ಕೊಂದು ಕಾಯುತ್ತ ನಿಲ್ಲುವ ಡೆಡ್‌ಲಾಕ್ ಆಗಿದ್ದರೆ ಸಿಪಿಯು ಸುಮ್ಮನಿರುತ್ತಿತ್ತು. ಆ ಸುಳಿವನ್ನೂ ಬಿಟ್ಟುಬಿಟ್ಟಿರಿ.

ಪರಿಹಾರವಾಗಿ ‘ವೊಲಟೈಲ್’ (ವೇರಿಯಬಲ್ಲನ್ನು ಪ್ರತಿ ಸಲ ಮೆಮೊರಿಯಿಂದಲೇ ಓದು ಎನ್ನುವ ಪದ) ಸೂಚಿಸಿದ ಅಡಿಟಿಪ್ಪಣಿಯನ್ನು ತೆಗೆದುಬಿಡಿ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಿಗೆ ಮೈಕ್ರೋಸಾಫ್ಟ್ ಕಂಪೈಲರ್ ಅದಕ್ಕೆ ಹೆಚ್ಚುವರಿ ಅರ್ಥ ಕೊಡುವುದರಿಂದ ಕೆಲಸ ನಡೆಯುತ್ತದೆ. ಅದೇ ಕಂಪೈಲರ್ ಎಆರ್‌ಎಂ ಪ್ರೊಸೆಸರ್‌ಗಳಿಗೆ ಬಿಲ್ಡ್ ಮಾಡುವಾಗ ಡೀಫಾಲ್ಟ್ ಆಗಿ ಆ ಅರ್ಥ ಕೊಡುವುದಿಲ್ಲ. ಥ್ರೆಡ್‌ಗಳು ಸುರಕ್ಷಿತವಾಗಿ ಹಂಚಿಕೊಳ್ಳಬಹುದಾದ ಅಟಾಮಿಕ್ ಬೂಲಿಯನ್ ಸರಿ. ಅದಕ್ಕಿಂತ ಒಳ್ಳೆಯದು ಥ್ರೆಡ್ ಅನ್ನು ‘ಜಾಯಿನ್’ ಮಾಡುವುದು, ಅಂದರೆ ಅದು ಮುಗಿಯುವವರೆಗೆ ಸುಮ್ಮನೆ ಕಾಯುವುದು. ಆಗ ಖಾಲಿ ಲೂಪೂ ಇಲ್ಲ, ಕೋರ್ ಉರಿಯುವುದೂ ಇಲ್ಲ.

ಈಗ ‘ಹಂತಗಳು’ ಎಂಬ ನಿಮ್ಮ ವಿಭಾಗ. ಕ್ರಮ ತಲೆಕೆಳಗಾಗಿದೆ. ಆಪ್ಟಿಮೈಸೇಶನ್ ಆಫ್ ಮಾಡುವುದು ಮೊದಲ ಹಂತ ಅಲ್ಲ. ಮೊದಲು ರಿಲೀಸ್ ಬಿಲ್ಡ್‌ಗೇ ಸಿಂಬಲ್‌ಗಳನ್ನು (ಡೀಬಗರ್‌ಗೆ ಬೇಕಾದ ಹೆಸರು, ಸಾಲುಗಳ ಮಾಹಿತಿ) ಕೊಡಿ: ಕಂಪೈಲರ್‌ನಲ್ಲಿ ಡೀಬಗ್ ಮಾಹಿತಿಯ ಆಯ್ಕೆ, ತುಣುಕುಗಳನ್ನು ಜೋಡಿಸುವ ಲಿಂಕರ್‌ನಲ್ಲಿ ಆ ಮಾಹಿತಿಯ ಪಿಡಿಬಿ ಫೈಲ್ ತಯಾರಿಸುವ ಆಯ್ಕೆ. ಇಲ್ಲೊಂದು ಗುಂಡಿ ಇದೆ. ಲಿಂಕರ್‌ಗೆ ಡೀಬಗ್ ಆಯ್ಕೆ ಕೊಟ್ಟ ಕೂಡಲೇ, ಬಳಕೆಯಾಗದ ಫಂಕ್ಷನ್‌ಗಳನ್ನು ಕಿತ್ತುಹಾಕುವ ಮತ್ತು ಒಂದೇ ರೀತಿಯವನ್ನು ಒಂದಾಗಿಸುವ ಕೆಲಸದ ಡೀಫಾಲ್ಟ್ ಆಫ್ ಆಗಿಬಿಡುತ್ತದೆ. ಅವೆರಡನ್ನೂ ಕೈಯಾರೆ ಆನ್ ಮಾಡಿದರೆ ಮಾತ್ರ ನೀವು ಪರೀಕ್ಷಿಸುತ್ತಿರುವುದು ಹಂಚಿದ ಬಿಲ್ಡ್‌ನಂಥದ್ದೇ ಆಗಿರುತ್ತದೆ. ಸಿಮೇಕ್ ಎಂಬ ಬಿಲ್ಡ್ ಸಾಧನ ಬಳಸುವವರು ‘ರೆಲ್‌ವಿತ್‌ಡೆಬ್‌ಇನ್ಫೊ’ ಎಂದರೆ ರಿಲೀಸೇ ಎಂದುಕೊಳ್ಳುತ್ತಾರೆ. ಜಿಸಿಸಿ ಕಂಪೈಲರ್‌ನಲ್ಲಿ ಅದರ ಆಪ್ಟಿಮೈಸೇಶನ್ ಮಟ್ಟ ಓ2, ರಿಲೀಸ್‌ನದು ಓ3. ಬಗ್ ಆ ಸಂದಿಯಲ್ಲಿ ಅಡಗಬಹುದು.

ಆಮೇಲೆ, ಡೀಬಗ್‌ಗೂ ರಿಲೀಸ್‌ಗೂ ಇರುವ ವ್ಯತ್ಯಾಸಗಳನ್ನು ರಿಲೀಸ್ ಕಡೆಯಿಂದ ಒಂದೊಂದಾಗಿ ಬದಲಿಸುತ್ತ ಹೋಗುವುದು. ಒಮ್ಮೆಗೆ ಒಂದೇ. ನೀವು ಆಪ್ಟಿಮೈಸೇಶನ್ ಆಫ್ ಮಾಡಿದ ಹೊತ್ತಿಗೇ ಎನ್‌ಡೀಬಗ್ ಮ್ಯಾಕ್ರೋವನ್ನೂ ತೆಗೆದಿರಿ ಎಂದು ನಿಮ್ಮ ಆಯ್ಕೆಗಳ ಸಾಲಿನಿಂದ ಗೊತ್ತಾಗುತ್ತದೆ. ಹಾಗಾದರೆ ಯಾವುದರಿಂದ ಏನಾಯಿತು ಎಂದು ಹೇಳಲು ನಿಮಗೇ ದಾರಿಯಿಲ್ಲ. ಆ ಮ್ಯಾಕ್ರೋ ಇದ್ದರೆ, ಷರತ್ತು ನಿಜವೇ ಎಂದು ಪರೀಕ್ಷಿಸುವ ‘ಅಸರ್ಟ್’ ಸಾಲು ಆವರಣದೊಳಗಿನ ಕೆಲಸದ ಸಮೇತ ಮಾಯವಾಗುತ್ತದೆ. ಮೂರನೇ ಪ್ಯಾರಾದಲ್ಲಿ ಫೈಲ್ ತೆರೆಯುವ ಕರೆಯನ್ನೇ ಅಸರ್ಟ್ ಒಳಗಿಟ್ಟು ‘ಒಳ್ಳೆಯ ಅಭ್ಯಾಸ’ ಎಂದಿದ್ದೀರಿ. ರಿಲೀಸ್‌ನಲ್ಲಿ ಆ ಫೈಲ್ ತೆರೆಯುವುದೇ ಇಲ್ಲ! ಮೊದಲು ತೆರೆದು, ಫಲಿತಾಂಶವನ್ನು ವೇರಿಯಬಲ್‌ಗೆ ಹಾಕಿ, ಅದನ್ನು ಅಸರ್ಟ್ ಮಾಡುವುದು ಸರಿಯಾದ ಕ್ರಮ.

ಆಪ್ಟಿಮೈಸೇಶನ್‌ನದೇ ಪಾತ್ರ ಎಂದು ಖಚಿತವಾದರೆ ಫೈಲ್‌ಗಳನ್ನು ಒಂದೊಂದಾಗಿ ನೋಡಬೇಕಿಲ್ಲ. ಮೊದಲು ಹೋಲ್ ಪ್ರೋಗ್ರಾಂ ಆಪ್ಟಿಮೈಸೇಶನ್ (ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ನೋಡಿ ಮಾಡುವುದು) ಆಫ್ ಮಾಡಿ, ಆಗಲೂ ಬಗ್ ಇದೆಯೇ ನೋಡಿ. ಇದ್ದರೆ ಅರ್ಧ ಫೈಲ್‌ಗಳಿಗೆ ಮಾತ್ರ ಆಪ್ಟಿಮೈಸೇಶನ್ ಆಫ್ ಮಾಡಿ. ಬಗ್ ಯಾವ ಅರ್ಧದ ಜೊತೆ ಹೋಗುತ್ತದೋ ಅದನ್ನೇ ಮತ್ತೆ ಅರ್ಧ ಮಾಡುತ್ತ ಹೋದರೆ ನಿಮ್ಮ 64 ಫೈಲ್‌ಗಳಿಗೆ 6 ಸುತ್ತು ಸಾಕು. ಡೀಬಗ್ ಬಿಲ್ಡ್‌ನ ಆಬ್ಜೆಕ್ಟ್ ಫೈಲ್‌ಗಳನ್ನು (ಕಂಪೈಲ್ ಆದ ತುಣುಕುಗಳು) ತಂದು ಬೆರೆಸಲು ಹೋದರೆ ಇಟರೇಟರ್ ಡೀಬಗ್ ಮಟ್ಟ ಹೊಂದದೆ ಲಿಂಕರ್ 2038 ಎಂಬ ದೋಷ ಕೊಡುತ್ತದೆ, ಬದಲಿಸಬೇಕಾದದ್ದು ರಿಲೀಸ್‌ನಲ್ಲೇ ಆಪ್ಟಿಮೈಸೇಶನ್‌ನ ಆಯ್ಕೆ ಮಾತ್ರ. ಉಳಿದ ಒಂದು ಫೈಲ್‌ನಲ್ಲಿ ಆಪ್ಟಿಮೈಜ್ ಪ್ರಾಗ್ಮಾ (ಕೋಡ್‌ನಲ್ಲೇ ಕಂಪೈಲರ್‌ಗೆ ಕೊಡುವ ಸೂಚನೆ) ಬಳಸಿ ಫಂಕ್ಷನ್‌ವರೆಗೆ ಇಳಿಯಬಹುದು. ಆದರೆ ಯಾವ ಫಂಕ್ಷನ್‌ಗೆ ಆಫ್ ಮಾಡಿದಾಗ ಬಗ್ ಮರೆಯಾಯಿತೋ ತಪ್ಪು ಅಲ್ಲೇ ಇರಬೇಕೆಂದಿಲ್ಲ. ಬೇರೆ ಕಡೆ ಬಫರ್ ದಾಟಿ ಬರೆದದ್ದರ ಪೆಟ್ಟು ಇಲ್ಲಿ ಬಿದ್ದಿರಬಹುದು. ಅಂಥದ್ದಕ್ಕೆ ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಬೇಕು, ವಿಷುಯಲ್ ಸ್ಟುಡಿಯೋ 2019ರ 16.9ರಿಂದ ಅದು ಪೂರ್ಣವಾಗಿ ಲಭ್ಯ. ಬೆಲೆ ಕೊಡದ ವೇರಿಯಬಲ್ ಓದುವುದನ್ನು ಮಾತ್ರ ಅದು ಹಿಡಿಯುವುದಿಲ್ಲ, ನಿಮ್ಮ ಮೊದಲ ಬಗ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಲಿನಕ್ಸ್‌ನಲ್ಲೂ ಬಿಲ್ಡ್ ಆಗುವ ಕೋಡ್ ಆದರೆ ವಾಲ್‌ಗ್ರೈಂಡ್ ಎಂಬ ಸಾಧನ ಅದನ್ನು ಹಿಡಿಯುತ್ತದೆ, ಡೇಟಾ ರೇಸ್‌ಗೆ ಥ್ರೆಡ್ ಸ್ಯಾನಿಟೈಜರ್ ಇದೆ.

ಸಿ# ಬಗ್ಗೆ ಬರೆದ ಪ್ಯಾರಾ ಬೇಡ. ಲೋಕಲ್ ವೇರಿಯಬಲ್‌ನಲ್ಲಿಟ್ಟ ಥ್ರೆಡಿಂಗ್ ಟೈಮರ್ ರಿಲೀಸ್‌ನಲ್ಲಿ ನಿಂತುಹೋಗುವುದು ನಿಜ: ಡೀಬಗ್‌ನಲ್ಲಿ ವೇರಿಯಬಲ್ ಮೆಥಡ್ ಮುಗಿಯುವವರೆಗೆ ಜೀವಂತ, ರಿಲೀಸ್‌ನಲ್ಲಿ ಕೊನೆಯ ಬಳಕೆಯ ನಂತರ, ಬೇಡವಾದ ಮೆಮೊರಿಯನ್ನು ಮರಳಿ ಪಡೆಯುವ ಗಾರ್ಬೇಜ್ ಕಲೆಕ್ಟರ್ ಅದನ್ನು ಒಯ್ಯಬಹುದು. ಅದು ಬೇರೆಯದೇ ಲೇಖನ, ಬೇಕಾದರೆ ಆಮೇಲೆ ಬರೆಯಿರಿ. ಡಿಎಲ್‌ಎಲ್ ಸಿಗದಿರುವುದು, ಶಾರ್ಟ್‌ಕಟ್‌ನಿಂದ ತೆರೆದಾಗ ವರ್ಕಿಂಗ್ ಡೈರೆಕ್ಟರಿ ಬದಲಾಗುವುದು, ಇವಕ್ಕೆ ಒಂದೊಂದು ಸಾಲು ಸಾಕು. ಡೀಬಗ್ ಬಿಲ್ಡನ್ನೂ ಅದೇ ಜಾಗದಿಂದ ಅದೇ ರೀತಿ ತೆರೆದು ನೋಡಿ ಎನ್ನಿ, ಅರ್ಧ ಜನರ ಗೊಂದಲ ಅಲ್ಲಿಗೇ ತೀರುತ್ತದೆ.

ಬರವಣಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ವಾಕ್ಯಗಳು ಚೆನ್ನಾಗಿವೆ. ಸಾಫ್ಟ್‌ವೇರ್ ನಮ್ಮ ಬದುಕನ್ನು ಆವರಿಸಿರುವ ಕುರಿತ ಮೊದಲ ಎರಡು ಪ್ಯಾರಾ ಕತ್ತರಿಸಿ, ‘ಮೊದಲ ಟಿಪ್ಪಣಿಗೆ ಆಟೋಸೇವ್ ಆಗುವುದಿಲ್ಲ’ ಎಂಬಲ್ಲಿಂದ ಶುರು ಮಾಡಿ. ಎರಡು ಬಗ್‌ಗಳನ್ನು ಎರಡು ಭಾಗವಾಗಿ ಬಿಡಿಸಿ. ಪ್ರತಿಯೊಂದರಲ್ಲೂ ಲಕ್ಷಣ, ಅದನ್ನು ಮರೆಮಾಡಿದ ಬದಲಾವಣೆ, ಮರೆಯಾದದ್ದೇಕೆ, ತಿದ್ದಿದ ಸಾಲು ಇರಲಿ. ಕಂಪೈಲರ್ ಆವೃತ್ತಿಯನ್ನೂ ಬಿಲ್ಡ್ ಆಯ್ಕೆಗಳ ಪೂರ್ತಿ ಸಾಲನ್ನೂ ಸೇರಿಸಿ. ತಿದ್ದಿದ ಮೇಲೆ ಆಪ್ಟಿಮೈಸೇಶನ್ ಮತ್ತೆ ಆನ್ ಮಾಡಿ ಓಡಿಸಿದ ಫಲಿತಾಂಶ ಕಡ್ಡಾಯ. ಕೋಡನ್ನು ಸ್ಕ್ರೀನ್‌ಶಾಟ್ ಆಗಿ ಕಳಿಸಬೇಡಿ, ಪಠ್ಯವಾಗಿಯೇ ಕಳಿಸಿ. ಓದುಗರು ಅದನ್ನು ಕಾಪಿ ಮಾಡಿ ತಮ್ಮ ಯಂತ್ರದಲ್ಲಿ ಓಡಿಸಿ ನೋಡುತ್ತಾರೆ.