ಮೊಡವೆ ಕಲೆಗೆ ಸೀರಮ್ಮೇ ಸರಿ

ಎಣ್ಣೆ ಚರ್ಮ, ಮೊಡವೆ ಹೋದ ಮೇಲೆ ಉಳಿದ ಕಪ್ಪು ಕಲೆ, ತಿಂಗಳಿಗೆ 600 ರೂಪಾಯಿ. ವಾರಕ್ಕೊಂದು ಶೀಟ್ ಮಾಸ್ಕ್ (ದ್ರವದಲ್ಲಿ ನೆನೆಸಿದ, ಮುಖಕ್ಕೆ ಅಂಟಿಸುವ ತೆಳು ಹಾಳೆ) ಹಾಕಲೋ, ಒಂದು ಸೀರಮ್ (ಹನಿ ಹನಿಯಾಗಿ ಮುಖಕ್ಕೆ ಸವರುವ ದ್ರವ) ಕೊಳ್ಳಲೋ ಅಂತ ಕೇಳಿದ್ದೀರಿ. ಖಂಡಿತ ಸೀರಮ್ ಕೊಳ್ಳಿ.

ಶೀಟ್ ಮಾಸ್ಕ್ 20 ನಿಮಿಷ ಹಾಕಿ ತೆಗೆದರೆ ಮುಖ ಹೊಳೆಯುತ್ತದೆ ನಿಜ. ಚರ್ಮದ ಮೇಲ್ಪದರ ನೀರು ಹೀರಿಕೊಂಡಿದ್ದರಿಂದ ಬಂದ ಹೊಳಪು ಅದು, ಬೇಗ ಇಳಿದುಹೋಗುತ್ತದೆ. ಕಲೆ ತಿಳಿಯಾಗಬೇಕಾದರೆ ಕೆಲಸ ಮಾಡುವ ಅಂಶ ದಿನಾ ಚರ್ಮಕ್ಕೆ ಸಿಗಬೇಕು. ನಿಮಗೆ 5% ನಿಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಇರುವ ಸೀರಮ್ ಸಾಕು, 10% ಕೆಲವರಿಗೆ ಉರಿ ತರುತ್ತದೆ. ರಾತ್ರಿ ಮುಖ ತೊಳೆದು ಎರಡು-ಮೂರು ಹನಿ ಸವರಿ, ಮೇಲೆ ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿ. 8ರಿಂದ 12 ವಾರ ಕಾಯಬೇಕು, ಅವಸರ ಬೇಡ.

ಮಾಸ್ಕಿಗೆ ಎತ್ತಿಟ್ಟ ದುಡ್ಡನ್ನು ಸನ್‌ಸ್ಕ್ರೀನಿಗೆ ಹಾಕಿ. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ಕಾಪಾಡುತ್ತದೆ ಅನ್ನುವ ಅಳತೆ) 30 ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಬಿಸಿಲು ಬಿದ್ದರೆ ಕಲೆ ಇನ್ನೂ ಕಪ್ಪಾಗುತ್ತದೆ, ಆಮೇಲೆ ಸೀರಮ್ ಹಚ್ಚಿಯೂ ಸುಮ್ನೆ ದಂಡ ಅಲ್ವಾ?

ಮಾಸ್ಕ್ ಬೇಕೇ ಬೇಕು ಅನ್ನಿಸಿದರೆ ವಾರಕ್ಕೊಮ್ಮೆ ಮುಲ್ತಾನಿ ಮಿಟ್ಟಿಯನ್ನು ಬರೀ ನೀರಲ್ಲಿ ಕಲಸಿ ಹಚ್ಚಿ, ಎಣ್ಣೆ ಹೀರುತ್ತದೆ. ಅಂಚು ಒಣಗಿ ಬಿಳಿಚಿಕೊಂಡು, ನಡುವೆ ಇನ್ನೂ ಹಸಿ ಇರುವಾಗಲೇ ತೊಳೆಯಿರಿ. ನಿಂಬೆರಸ ಮಾತ್ರ ದಯವಿಟ್ಟು ಬೆರೆಸಬೇಡಿ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಹೊಸ ಕಲೆ ಏಳಬಹುದು.